ಕುತ್ತಿಗೆಯಲ್ಲಿರುವ ಗುರುತು

ಜೂನ್ ತಿಂಗಳ ಒಂದು ಬೆಳಿಗ್ಗೆ ವೇಲ್ಸ್ ನಾಡಿನ ಗುಡ್ಡವೊಂದರ ಇಳಿಜಾರಿನಲ್ಲಿ, ಕುರಿ ಮೇಯುವ ಬಯಲಿಗೆ ಇಳಿದಿದ್ದೆ. ರಾತ್ರಿಯೆಲ್ಲ ಸೋನೆ ಹಿಡಿದಿತ್ತು. ಕಾಲಿಟ್ಟಲ್ಲಿ ನೀರು ಒಸರುತ್ತಿತ್ತು. ಆ ಜೌಗಿನ ತುಂಬ ಸೊಂಟದೆತ್ತರದ ಹಸಿರು ಗಿಡಗಳು ಹಿಂಡುಹಿಂಡಾಗಿ ನಿಂತಿದ್ದವು. ಒಂದೊಂದು ಹಿಂಡಿನಲ್ಲೂ ನೂರಾರು ದಂಟು. ಎಲೆಯೆಂಬುದೇ ಕಾಣದು; ಸೂಜಿಯಂತೆ ತುದಿ ಚೂಪಾದ ದಂಟುಗಳಷ್ಟೇ. ತುದಿಯಿಂದ ಗೇಣುದ್ದ ಕೆಳಗೆ, ದಂಟಿನ ಪಕ್ಕೆಯನ್ನು ಒಡೆದು ಬಂದಂತೆ, ಕಂದುಬಣ್ಣದ ಹೂಗೊಂಚಲು. ಕೆಲವು ಗೊಂಚಲುಗಳು ಸಡಿಲವಾಗಿ ಹರಡಿಕೊಂಡಿದ್ದವು. ಇನ್ನು ಕೆಲವು ಅಡಿಕೆ ಗಾತ್ರದ ಗಟ್ಟಿ ಉಂಡೆಗಳು.

ಎರಡು ಬಗೆಯ ತಲೆ, ಎರಡು ಜಾತಿಯ ಗಿಡ. ಪುಸ್ತಕ ಓದಿ ಹೋಗಿದ್ದ ನನಗೆ ಸಂಶಯವೇ ಇರಲಿಲ್ಲ. ಉಂಡೆಯಂಥ ಗೊಂಚಲಿನ ದಂಟೊಂದನ್ನು ತೋರಿಸಿ ಇದು ಇಂಥದ್ದು ಎಂದೆ. ಜೊತೆಗಿದ್ದವರು ಆ ಜಿಲ್ಲೆಯ ಸಸ್ಯಗಳನ್ನು ಹತ್ತಾರು ವರ್ಷಗಳಿಂದ ಎಣಿಸುತ್ತ, ದಾಖಲಿಸುತ್ತ ಬಂದ ಹೆಂಗಸು. ಅವರು ಉಂಡೆಯ ಕಡೆ ನೋಡಲೂ ಇಲ್ಲ. ಗೊಂಚಲಿಗೆ ಸರಿಯಾಗಿ ಕೆಳಗೆ ದಂಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಉರುಳಿಸಿ, ಅಲ್ಲ ಎಂದು ತಲೆಯಾಡಿಸಿದರು. ಇಪ್ಪತ್ತು ಹೆಜ್ಜೆ ಆಚೆ ಇನ್ನೊಂದು ಹಿಂಡಿನ ಬಳಿ ಕರೆದೊಯ್ದು ಅಲ್ಲಿನ ದಂಟಿಗೆ ನನ್ನ ಬೆರಳು ತಾಗಿಸಿದರು. ಮೊದಲಿನದು ನುಣುಪು, ಎಣ್ಣೆ ಸವರಿದಂತೆ ಜಾರುತ್ತಿತ್ತು. ಇದು ಹಾಗಲ್ಲ. ಬೆರಳ ಕೆಳಗೆ ಸಾಲುಸಾಲು ಏಣುಗಳು, ಕಾರ್ಡುರಾಯ್ ಬಟ್ಟೆ ಮುಟ್ಟಿದಂತೆ. ತಲೆ ನೋಡಿ ನಾನು ಹೇಳಿದ್ದ ಹೆಸರು ತಪ್ಪಾಗಿತ್ತು. ಗುರುತು ಇದ್ದದ್ದು ಕುತ್ತಿಗೆಯಲ್ಲಿ.

ಈ ಗಿಡಗಳ ಕುಲದ ಹೆಸರು ಜಂಕಸ್. ಲ್ಯಾಟಿನ್ನಿನಲ್ಲಿ ಕಟ್ಟು, ಕೂಡಿಸು ಎಂಬರ್ಥದ ಮಾತಿನಿಂದ ಬಂದದ್ದು, ಏಕೆಂದರೆ ಇವುಗಳ ದಂಟಿನಿಂದ ಹಗ್ಗ ಹೊಸೆಯುತ್ತಿದ್ದರು, ಹೊರೆ ಬಿಗಿಯುತ್ತಿದ್ದರು. ಲೋಕದಲ್ಲಿ ಮುನ್ನೂರಕ್ಕೂ ಮೀರಿ ಜಂಕಸ್ ಜಾತಿಗಳಿವೆ. ನಮ್ಮಲ್ಲಿ ಕೆರೆಯ ಅಂಚಿನಲ್ಲಿ ಬೆಳೆಯುವ ಉದ್ದ ಎಲೆಯ ಗಿಡಗಳನ್ನೆಲ್ಲ ಒಟ್ಟಾಗಿ ಜೊಂಡು ಎನ್ನುವ ರೂಢಿ ಇರುವುದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕಂದು ಕದಿರು ಹೊತ್ತು ನಿಲ್ಲುವ ಆಪು ಬೇರೆಯದೇ ಕುಟುಂಬ. ಗದ್ದೆಯಲ್ಲಿ ಕಳೆಯಾಗಿ ಕಾಡುವ ಜೇಕು ಇನ್ನೊಂದು. ಗರಿಕೆ, ಭತ್ತ, ಬಿದಿರುಗಳ ಹುಲ್ಲಿನ ಕುಟುಂಬ ಮತ್ತೊಂದು. ಹುಲ್ಲಿನ ದಂಟಿಗೆ ಗೆಣ್ಣುಗಳುಂಟು, ಗೆಣ್ಣುಗಳ ನಡುವೆ ಸಾಮಾನ್ಯವಾಗಿ ಟೊಳ್ಳು. ಜೇಕಿನ ದಂಟನ್ನು ಬೆರಳಲ್ಲಿ ಉರುಳಿಸಿದರೆ ಮೂರು ಮೂಲೆ ತಾಗುತ್ತವೆ. ಜಂಕಸ್ ದಂಟು ಸಾಮಾನ್ಯವಾಗಿ ಗುಂಡಗೆ; ಆ ಬಯಲಿನ ಎರಡು ಜಾತಿಗಳಲ್ಲಂತೂ ಗೆಣ್ಣು ಕಾಣುವುದಿಲ್ಲ, ಒಳಗೆ ತಿರುಳು. ನೋಡಲು ಹುಲ್ಲಿನಂತಿದ್ದರೂ ಅದರ ಹೂವನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ನೀರುಳ್ಳಿಯ ಹೂವು ನೆನಪಾಗುತ್ತದೆ. ಆರು ಎಸಳು, ಮೂರು ಕವಲಾದ ಶಲಾಕಾಗ್ರ, ಮೂರು ಹೋಳಾಗಿ ಬಿರಿಯುವ ಕಾಯಿ. ಬಣ್ಣ ಕಂದು, ಅಗಲ ಕೆಲವೇ ಮಿಲಿಮೀಟರ್. ಪರಾಗವನ್ನು ಗಾಳಿ ಹೊತ್ತೊಯ್ಯುವುದರಿಂದ ಕೀಟಗಳನ್ನು ಕರೆಯುವ ಬಣ್ಣವಾಗಲಿ ಪರಿಮಳವಾಗಲಿ ಇದಕ್ಕೆ ಬೇಕಾಗಿಲ್ಲ.

ಆ ಬಯಲಿನ ಎರಡು ಜಾತಿಗಳಿಗೂ ಲಿನೇಯಸ್ 1753ರಲ್ಲಿ, ತನ್ನ ‘ಸ್ಪೀಶೀಸ್ ಪ್ಲಾಂಟಾರಮ್’ ಗ್ರಂಥದಲ್ಲಿ ಹೆಸರಿಟ್ಟ. ಒಂದು ಜಂಕಸ್ ಎಫ್ಯೂಸಸ್. ಎಫ್ಯೂಸಸ್ ಎಂದರೆ ಚೆಲ್ಲಿದ್ದು, ಹರಡಿಕೊಂಡದ್ದು. ಇನ್ನೊಂದು ಜಂಕಸ್ ಕಾಂಗ್ಲೊಮರೇಟಸ್. ಆ ಮಾತಿನ ಒಳಗಿರುವುದು ನೂಲುಂಡೆ ಎಂಬರ್ಥದ ಲ್ಯಾಟಿನ್ ಪದ. ಕನ್ನಡದಲ್ಲಿ ಇವಕ್ಕೆ ಬಳಕೆಯ ಹೆಸರಿಲ್ಲದ ಕಾರಣ ಈ ಅಧ್ಯಾಯದ ಮಟ್ಟಿಗೆ ಹರಡುದಲೆ, ಉಂಡೆದಲೆ ಎನ್ನೋಣ. ಗೊಂಚಲು ಹರಡಿದ್ದರೆ ಹರಡುದಲೆ, ಮುದ್ದೆಯಾಗಿದ್ದರೆ ಉಂಡೆದಲೆ. ಇಷ್ಟು ಸುಲಭವಾಗಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

ತೊಡಕು ಏನೆಂದರೆ, ಹರಡುದಲೆಯಲ್ಲೇ ಉಂಡೆಯಾಕಾರದ ಗೊಂಚಲು ಬಿಡುವ ಗಿಡಗಳುಂಟು. ಅಪರೂಪಕ್ಕಲ್ಲ, ಧಾರಾಳವಾಗಿ. ಸಸ್ಯಶಾಸ್ತ್ರಜ್ಞರು ಅದನ್ನು ಪ್ರಭೇದವೆಂದು ಗುರುತಿಸಿ ಸಬ್‌ಗ್ಲೊಮರೇಟಸ್ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ನಾನು ಅಂದು ಬೆರಳು ಮಾಡಿ ತೋರಿಸಿದ್ದು ಅದನ್ನೇ. ಹೆಸರಿನ ಆಧಾರವಾದ ಲಕ್ಷಣವೇ ಮೋಸ ಮಾಡುವುದು ಸಸ್ಯಲೋಕದಲ್ಲಿ ಇದೊಂದೇ ಅಲ್ಲ, ಆದರೆ ಇಷ್ಟು ಜನರನ್ನು ಇಷ್ಟು ಕಾಲ ದಾರಿ ತಪ್ಪಿಸಿದ ಜೋಡಿಗಳು ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಂಕಸ್ ಕುಲವನ್ನು ಆಳವಾಗಿ ಅಭ್ಯಾಸ ಮಾಡಿದ ಜರ್ಮನಿಯ ಅರ್ನ್‌ಸ್ಟ್ ಮೇಯರ್ ಈ ಗೊಂದಲಕ್ಕೆ ಕಂಡುಕೊಂಡ ಪರಿಹಾರ ಎರಡನ್ನೂ ಸೇರಿಸಿಬಿಡುವುದು. ಎರಡೂ ಒಂದೇ ಜಾತಿ, ಜಂಕಸ್ ಕಮ್ಯೂನಿಸ್. ಹರಡಿದ್ದು ಒಂದು ಪ್ರಭೇದ, ಮುದ್ದೆಯಾದದ್ದು ಇನ್ನೊಂದು. ತಲೆಯೊಂದನ್ನೇ ನೋಡುವವರಿಗೆ ಈ ತೀರ್ಮಾನ ನ್ಯಾಯವಾಗಿಯೇ ಕಾಣುತ್ತದೆ. ಹರಡಿದ್ದರಿಂದ ಮುದ್ದೆಯವರೆಗೆ ನಡುವಿನ ಎಲ್ಲ ಹಂತಗಳೂ ಸಿಗುತ್ತವಲ್ಲ!

ಅವನ ಸೇರ್ಪಡೆ ಉಳಿಯಲಿಲ್ಲ. 1941ರಲ್ಲಿ ಬ್ರಿಟನ್ನಿನ ಪಿ. ಡಬ್ಲ್ಯೂ. ರಿಚರ್ಡ್ಸ್ ಮತ್ತು ಎ. ಆರ್. ಕ್ಲಾಫಮ್ ಇಬ್ಬರೂ ಕೂಡಿ, ಆ ದೇಶದ ಜಂಕಸ್‌ಗಳ ಬದುಕಿನ ವಿವರಗಳನ್ನು ‘ಜರ್ನಲ್ ಆಫ್ ಇಕಾಲಜಿ’ಯಲ್ಲಿ ಜಾತಿವಾರು ಬರೆದಾಗ ಹರಡುದಲೆಗೂ ಉಂಡೆದಲೆಗೂ ಬೇರೆಬೇರೆ ಅಧ್ಯಾಯ ಕೊಟ್ಟರು. ಈ ಇಬ್ಬರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ರಿಚರ್ಡ್ಸ್ ಮುಂದೆ 1952ರಲ್ಲಿ ಉಷ್ಣವಲಯದ ಮಳೆಕಾಡುಗಳ ಬಗ್ಗೆ ಬರೆದ ಪುಸ್ತಕ ಕಾಡಿನ ಅಧ್ಯಯನಕ್ಕೆ ಬುನಾದಿಯಾಯಿತು. ಕ್ಲಾಫಮ್, ‘ಇಕೊಸಿಸ್ಟಮ್’ ಎಂಬ ಪದವನ್ನು ಪರಿಸರ ವಿಜ್ಞಾನಿ ಟ್ಯಾನ್‌ಸ್ಲಿಗೆ ಸೂಚಿಸಿದವರು. ಟ್ಯಾನ್‌ಸ್ಲಿ 1935ರಲ್ಲಿ ಅದನ್ನು ಬಳಸಿದ ಮೇಲೆ ಜಗತ್ತೆಲ್ಲ ಹಬ್ಬಿತು. ಅಷ್ಟು ದೊಡ್ಡ ದೃಷ್ಟಿಯಿದ್ದವರು ಕೆಸರಿನಲ್ಲಿ ನಿಂತು ಜೊಂಡಿನ ದಂಟಿನ ಏಣುಗಳನ್ನು ಎಣಿಸುವ ಕೆಲಸವನ್ನು ಸಣ್ಣದೆಂದು ಬಗೆಯಲಿಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ಮೊದಲು ಕುತ್ತಿಗೆ. ಉಂಡೆದಲೆಯ ದಂಟಿನ ಸುತ್ತ ಹನ್ನೆರಡರಿಂದ ಮೂವತ್ತರವರೆಗೆ ಎದ್ದುಕಾಣುವ ಏಣುಗಳಿರುತ್ತವೆ. ಗೊಂಚಲಿನ ಕೆಳಗೆ ಅವು ಅತಿ ಸ್ಪಷ್ಟ. ಒಂದೊಂದು ಏಣಿನ ಸಿಪ್ಪೆಯ ಕೆಳಗೂ ದಪ್ಪ ಗೋಡೆಯ ನಾರುಕೋಶಗಳ ಪಟ್ಟಿ. ಏಣುಗಳ ನಡುವಿನ ತಗ್ಗಿನಲ್ಲಿ ಹಸಿರು ಕೋಶಗಳು. ಹರಡುದಲೆಯಲ್ಲೂ ಈ ಪಟ್ಟಿಗಳಿಲ್ಲದೆ ಇಲ್ಲ, ಸಂಖ್ಯೆಯಲ್ಲಿ ಇನ್ನೂ ಹೆಚ್ಚೇ. ಆದರೆ ಅವು ನವಿರು, ಹಸಿ ದಂಟಿನ ಮೇಲೆ ಉಬ್ಬಿ ನಿಲ್ಲುವುದಿಲ್ಲ. ಆದ್ದರಿಂದಲೇ ಹರಡುದಲೆಗೆ ಬಾಳೆ ಎಲೆಯಂಥ ಹೊಳಪು, ಉಂಡೆದಲೆಗೆ ಮಂಕು ಹಸಿರು. ಅಭ್ಯಾಸವಾದವರು ಮಾರು ದೂರದಿಂದಲೇ ಈ ಹೊಳಪು ನೋಡಿ ಹೇಳಬಲ್ಲರು.

ಎರಡನೆಯದು, ಗೊಂಚಲಿನ ಬುಡ. ಗೊಂಚಲು ದಂಟಿನ ಪಕ್ಕದಿಂದ ಹುಟ್ಟಿದೆ ಎಂದೆನಲ್ಲ, ಅದು ಕಣ್ಣಿನ ಭ್ರಮೆ. ನಿಜಕ್ಕೂ ದಂಟು ಅಲ್ಲಿಗೇ ಮುಗಿದಿದೆ. ಅದರ ಮೇಲೆ ನೆಟ್ಟಗೆ ಮುಂದುವರಿದಂತೆ ಕಾಣುವ ಚೂಪು ಭಾಗ ದಂಟಲ್ಲ, ಹೂವನ್ನು ಕಾಯುವ ಒಂದು ಎಲೆ. ಉಂಡೆದಲೆಯಲ್ಲಿ ಈ ಎಲೆಯ ಬುಡ ಅಗಲವಾಗಿ ಬಿಚ್ಚಿಕೊಂಡು, ಪುಟ್ಟ ದೋಣಿಯಂತೆ ಗೊಂಚಲನ್ನು ಆತುಕೊಂಡಿರುತ್ತದೆ. ಹರಡುದಲೆಯಲ್ಲಿ ಬುಡ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಮೂರನೆಯದಕ್ಕೆ ಭೂತಗನ್ನಡಿ ಬೇಕು. ಮಾಗಿದ ಕಾಯಿಯ ನೆತ್ತಿಯಲ್ಲಿ ಎರಡರಲ್ಲೂ ಒಂದು ತಗ್ಗು ಇದೆ. ಉಂಡೆದಲೆಯ ಆ ತಗ್ಗಿನ ನಡುವೆ ಸಣ್ಣ ಗುಬುಟು, ಅದರ ಮೇಲೆ ಶಲಾಕೆಯ ಮೋಟು. ಹರಡುದಲೆಯಲ್ಲಿ ಗುಬುಟಿಲ್ಲ, ತಗ್ಗಿನಲ್ಲೇ ಮೋಟು ನಿಂತಿರುತ್ತದೆ. ಕೇಸರಗಳನ್ನು ಎಣಿಸಿ ಪ್ರಯೋಜನವಿಲ್ಲ, ಸಾಮಾನ್ಯವಾಗಿ ಎರಡಕ್ಕೂ ಮೂರು ಮೂರೇ. ಹೂ ಬಿಡುವ ಕಾಲ ಸ್ವಲ್ಪ ನೆರವಾಗುತ್ತದೆ. ಬ್ರಿಟನ್ನಿನಲ್ಲಿ ಉಂಡೆದಲೆ ಮೇ ತಿಂಗಳಲ್ಲೇ ಅರಳಲು ತೊಡಗುತ್ತದೆ, ಹರಡುದಲೆ ಜೂನ್ ಹೊತ್ತಿಗೆ.

ಆದರೆ ಈ ಅಂತರ ಕೆಲವು ವಾರಗಳದ್ದಷ್ಟೇ. ಒಂದರ ಕೊನೆಯ ಹೂಗಳು ಇನ್ನೊಂದರ ಮೊದಲ ಹೂಗಳನ್ನು ಸಂಧಿಸುತ್ತವೆ, ಗಾಳಿಗೆ ಜಾತಿಭೇದವಿಲ್ಲ. ಎರಡೂ ಕೂಡಿ ಬೆಳೆಯುವಲ್ಲಿ ಮಿಶ್ರತಳಿ ಹುಟ್ಟುತ್ತದೆ. ಅದಕ್ಕೆ ಕರ್ನ್ ಮತ್ತು ರೈಖ್‌ಗೆಲ್ಟ್ ಎಂಬ ಇಬ್ಬರು ಡಚ್ ಸಸ್ಯಶಾಸ್ತ್ರಜ್ಞರ ಗೌರವಾರ್ಥ ಜಂಕಸ್ ಕರ್ನ್-ರೈಖ್‌ಗೆಲ್ಟಿಯೈ ಎಂದು ಹೆಸರು. ಅದರ ಏಣುಗಳು ಅತ್ತ ಎದ್ದೂ ಇಲ್ಲ, ಇತ್ತ ಅಡಗಿಯೂ ಇಲ್ಲ. ಬ್ರಿಟನ್ನಿನ ಈ ಎರಡು ಜಾತಿಗಳ ನಂಟಿನ ಬಗ್ಗೆಯೇ ಎ. ಡಿ. ಕ್ಯೂ. ಆಗ್ನ್ಯೂ 1968ರಲ್ಲಿ ಪ್ರಬಂಧ ಪ್ರಕಟಿಸಿದರು. ಮಿಶ್ರತಳಿ ಸಿಕ್ಕಿದ ಮಾತ್ರಕ್ಕೆ ಮೇಯರ್ ಹೇಳಿದ್ದೇ ಸರಿ ಎನ್ನಲಾಗದು. ಎರಡು ಊರುಗಳ ನಡುವೆ ದಾರಿ ಇದೆಯೆಂದು ಎರಡೂ ಒಂದೇ ಊರು ಎನ್ನುತ್ತೇವೆಯೇ? ಏಣು, ಎಲೆಯ ಬುಡ, ಕಾಯಿಯ ನೆತ್ತಿ, ಹೂವಿನ ಕಾಲ, ಮುಂದೆ ಹೇಳಲಿರುವ ನೆಲದ ಆಯ್ಕೆ, ಇಷ್ಟೂ ಒಟ್ಟಿಗೆ ಬದಲಾಗುತ್ತವೆ. ಹಾಗಾಗಿ ಇವು ಎರಡು ಜಾತಿಗಳೆಂಬುದು ನನ್ನ ದೃಢ ಅಭಿಪ್ರಾಯ, ಇಂದಿನ ಸಸ್ಯಸೂಚಿ ಗ್ರಂಥಗಳದ್ದೂ ಅದೇ.

ಹೊರಗೆ ಇಷ್ಟು ವ್ಯತ್ಯಾಸವಿದ್ದರೂ ಒಳಗೆ ಎರಡರಲ್ಲೂ ತುಂಬಿರುವುದು ಒಂದೇ. ದಂಟನ್ನು ಅಡ್ಡ ಕತ್ತರಿಸಿ ಹೆಬ್ಬೆರಳ ಉಗುರಿನಿಂದ ಸಿಪ್ಪೆಯನ್ನು ಸೀಳಿದರೆ ಬೆಳ್ಳಗಿನ ತಿರುಳು ದಾರದಂತೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಮದುವೆಯ ಬಾಸಿಂಗಕ್ಕೆ ಬಳಸುವ ಬೆಂಡು ನೋಡಿದ್ದೀರಲ್ಲ, ಅಷ್ಟೇ ಹಗುರ, ಅಷ್ಟೇ ಮೆತ್ತಗೆ. ಅಂಗೈ ಮೇಲಿಟ್ಟರೆ ಉಸಿರಿಗೆ ಹಾರಿಹೋಗುತ್ತದೆ. ಇದರ ತೆಳುವಾದ ಒಂದು ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಾಣುವ ನೋಟವನ್ನು ಸಸ್ಯಶಾಸ್ತ್ರ ಓದಿದವರು ಮರೆಯಲಾರರು. ಪ್ರತಿ ಕೋಶವೂ ಒಂದು ನಕ್ಷತ್ರ. ನಡುವಿನಿಂದ ಸುತ್ತಲೂ ತೋಳುಗಳು ಚಾಚಿವೆ. ಒಂದು ನಕ್ಷತ್ರದ ತೋಳಿನ ತುದಿ ಪಕ್ಕದ ನಕ್ಷತ್ರದ ತೋಳಿನ ತುದಿಗೆ ತಾಗಿದೆ, ಅಷ್ಟೇ. ಉಳಿದದ್ದೆಲ್ಲ ಗಾಳಿ. ರಂಗೋಲಿಯ ಚುಕ್ಕಿಗಳನ್ನೆಲ್ಲ ಕೂಡಿಸಿದ ಮೇಲೆ ಗೆರೆಗಳಿಗಿಂತ ನಡುವಿನ ಖಾಲಿ ಜಾಗವೇ ಹೆಚ್ಚಿರುವ ಹಾಗೆ.

ಈ ಗಾಳಿಯ ತಿರುಳು ಯೂರೋಪಿನ ಬಡವರ ಮನೆಯಲ್ಲಿ ನೂರಾರು ವರ್ಷ ದೀಪವಾಗಿತ್ತು. ಹ್ಯಾಂಪ್‌ಷೈರಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, 1789ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಜೊಂಡಿನ ದೀಪ ಮಾಡುವ ಬಗೆಯನ್ನು ಅಡುಗೆಯ ವಿಧಾನ ಹೇಳುವಷ್ಟು ಬಿಡಿಯಾಗಿ ಹೇಳಿದ್ದಾನೆ. ಬೇಸಿಗೆಯಲ್ಲಿ ದಂಟು ಕೊಯ್ದ ಕೂಡಲೇ ನೀರಿಗೆ ಹಾಕಬೇಕು, ಇಲ್ಲವಾದರೆ ಒಣಗಿ ಸಿಪ್ಪೆ ಬಿಡುವುದಿಲ್ಲ. ಆಮೇಲೆ ಸಿಪ್ಪೆ ಸುಲಿಯಬೇಕು, ಪೂರ್ತಿಯಲ್ಲ. ತಿರುಳು ಮುರಿಯದಂತೆ ಬೆನ್ನೆಲುಬಾಗಿ ಒಂದೇ ಒಂದು ಸಣ್ಣ ಪಟ್ಟಿಯನ್ನು ಉದ್ದಕ್ಕೂ ಉಳಿಸಬೇಕು. ಹೊಸಬರಿಗೆ ಕೈ ಹತ್ತುವುದಿಲ್ಲ, ಮಕ್ಕಳು ಮಾತ್ರ ಬೇಗ ಕಲಿಯುತ್ತಾರೆ. ಸುಲಿದದ್ದನ್ನು ಕೆಲವು ರಾತ್ರಿ ಹುಲ್ಲಿನ ಮೇಲೆ ಹರವಿ ಇಬ್ಬನಿಗೆ ಬಿಡಬೇಕು, ಬಿಸಿಲಲ್ಲಿ ಒಣಗಿಸಬೇಕು, ಕೊನೆಗೆ ಕಾದ ಕೊಬ್ಬಿನಲ್ಲಿ ಅದ್ದಬೇಕು. ಜಾಣ ಗೃಹಿಣಿಗೆ ಕೊಬ್ಬಿನ ಖರ್ಚೂ ಇಲ್ಲ, ಹಂದಿಮಾಂಸ ಬೇಯಿಸಿದ ಪಾತ್ರೆಯ ಮೇಲೆ ತೇಲಿದ್ದನ್ನು ಎತ್ತಿಟ್ಟಿರುತ್ತಾಳೆ.

ವೈಟ್ ಅಳೆದೂ ನೋಡಿದ್ದ. ಎರಡು ಅಡಿ ನಾಲ್ಕೂವರೆ ಅಂಗುಲದ ಒಂದು ದಂಟು ಗಂಟೆಗೆ ಮೂರು ನಿಮಿಷ ಕಡಿಮೆ ಉರಿಯಿತು. ಒಂದು ಪೌಂಡ್ ಒಣ ದಂಟಿನಲ್ಲಿ 1,600 ಬತ್ತಿಗಳು. ಸರಾಸರಿ ಅರ್ಧ ಗಂಟೆ ಹಿಡಿದರೂ ಎಂಟುನೂರು ಗಂಟೆ ಬೆಳಕು. ಆ ಕಾಲದ ಅತಿ ಸಣ್ಣ ನಾಣ್ಯಗಳಲ್ಲೊಂದಾದ ಫಾರ್ದಿಂಗ್ ಒಂದಕ್ಕೆ ಐದೂವರೆ ಗಂಟೆಯ ಬೆಳಕು ಸಿಗುತ್ತದೆಂದು ಆತ ಲೆಕ್ಕ ಹಾಕಿದ. ಲೆಕ್ಕದ ಹಿಂದೆ ಕಳಕಳಿಯಿತ್ತು: ಬಡವರು ದುಡ್ಡು ಕೊಟ್ಟು ಬೇಗ ಕರಗಿಹೋಗುವ ಮೇಣದಬತ್ತಿ ಕೊಳ್ಳುವುದನ್ನು ಕಂಡು ಆತನಿಗೆ ಮರುಕವಾಗಿತ್ತು. ವಿಲಿಯಂ ಕಾಬೆಟ್ ಕೂಡ 1822ರ ತನ್ನ ‘ಕಾಟೇಜ್ ಎಕಾನಮಿ’ಯಲ್ಲಿ ತಾನು ಬೆಳೆದದ್ದೇ ಜೊಂಡಿನ ಬೆಳಕಿನಲ್ಲೆಂದು ಹೇಳಿಕೊಂಡಿದ್ದಾನೆ. ತಿರುಳಿನ ಆ ನಕ್ಷತ್ರಗಳ ನಡುವಿನ ಖಾಲಿ ಜಾಗವೇ ಕೊಬ್ಬನ್ನು ಹೀರಿಕೊಳ್ಳುವುದು ಎಂದು ತಿಳಿದಾಗ ಸೂಕ್ಷ್ಮದರ್ಶಕದ ನೋಟಕ್ಕೂ ಗುಡಿಸಲಿನ ದೀಪಕ್ಕೂ ನಡುವೆ ಅಂತರ ಉಳಿಯುವುದಿಲ್ಲ.

ಭೂಮಿಯ ಇನ್ನೊಂದು ತುದಿಯಲ್ಲೂ ಇದೇ ಬುದ್ಧಿ ಹೊಳೆದಿತ್ತು. ಚೀನೀ ಭಾಷೆಯಲ್ಲಿ ಹರಡುದಲೆಯ ಬಳಗದ ಜೊಂಡಿಗೆ ದೀಪದ ಹೃದಯದ ಹುಲ್ಲು ಎಂಬರ್ಥದ ಹೆಸರಿದೆ. ಅಲ್ಲೂ ತಿರುಳೇ ಬತ್ತಿ, ತಿರುಳೇ ಮನೆಮದ್ದು. ಜಪಾನಿನಲ್ಲಿ ಅದರ ಹೆಸರು ಇಗುಸಾ. ಕೆಲವರು ಅದನ್ನು ಹರಡುದಲೆಯ ಪ್ರಭೇದವೆಂದೂ ಕೆಲವರು ಡೆಸಿಪಿಯೆನ್ಸ್ ಎಂಬ ಬೇರೆ ಜಾತಿಯೆಂದೂ ಎಣಿಸುತ್ತಾರೆ. ಜಪಾನೀ ಮನೆಯ ನೆಲಕ್ಕೆ ಹಾಸುವ ತಾತಾಮಿ ಚಾಪೆಯ ಮೇಲ್ಪದರ ಈ ದಂಟಿನದೇ. ಒಂದೊಂದು ಚಾಪೆಗೆ ಸಾವಿರಾರು ದಂಟು ಬೇಕು. ಭತ್ತದಂತೆಯೇ ನೀರು ಕಟ್ಟಿದ ಗದ್ದೆಯಲ್ಲಿ ಚಳಿಗಾಲದ ಆರಂಭಕ್ಕೆ ನಾಟಿ ಮಾಡಿ, ಮುಂದಿನ ಬೇಸಿಗೆಯಲ್ಲಿ ಕೊಯ್ದು, ಬಣ್ಣ ಮತ್ತು ಪರಿಮಳ ನಿಲ್ಲಲೆಂದು ಜೇಡಿಯ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಈಗ ಆ ದೇಶದ ಇಗುಸಾದ ಬಹುಪಾಲು ಬೆಳೆಯುವುದು ಕುಮಾಮೊಟೊ ಪ್ರಾಂತದಲ್ಲಿ, ಮುಖ್ಯವಾಗಿ ಯತ್ಸುಶಿರೊ ಸುತ್ತಮುತ್ತ.

ಮನುಷ್ಯನ ದೀಪಕ್ಕಾಗಿ, ಚಾಪೆಗಾಗಿ ಗಿಡ ತಿರುಳು ಕಟ್ಟಿಕೊಳ್ಳಲಿಲ್ಲ ಎಂಬುದು ಸ್ಪಷ್ಟ. ಅದಕ್ಕೆ ಅದರದೇ ಕಾರಣವಿದೆ. ನೀರು ನಿಂತ ಕೆಸರಿನಲ್ಲಿ ಆಮ್ಲಜನಕವಿಲ್ಲ, ಬೇರಿಗೂ ಉಸಿರು ಬೇಕು. ದಂಟಿನೊಳಗಿನ ಗಾಳಿದಾರಿ ಮೇಲಿನ ಆಮ್ಲಜನಕವನ್ನು ಬೇರಿನ ತುದಿಯವರೆಗೆ ಇಳಿಸುತ್ತದೆ. ಬೂದುಬಣ್ಣದ ಕೆಸರಿನಿಂದ ಜಂಕಸ್ ಬೇರನ್ನು ನಿಧಾನವಾಗಿ ಕಿತ್ತು ತೊಳೆದರೆ ಅದರ ಸುತ್ತ ತುಕ್ಕಿನ ಬಣ್ಣದ ಲೇಪ ಕಾಣಬಹುದು. ಬೇರಿನಿಂದ ಸೋರಿದ ಆಮ್ಲಜನಕ ಮಣ್ಣಿನ ಕಬ್ಬಿಣಕ್ಕೆ ತಾಗಿ ಅಲ್ಲೇ ತುಕ್ಕಾಗಿ ಕುಳಿತದ್ದು. ನಮ್ಮ ರೈತರು ಭತ್ತದ ಸಸಿ ಕಿತ್ತಾಗಲೂ ಇದೇ ಕೆಂಪು ಲೇಪವನ್ನು ಕಂಡಿರುತ್ತಾರೆ. ಕೊಳಚೆ ನೀರನ್ನು ಸೋಸಲು ಕಟ್ಟುವ ಕೃತಕ ಜೌಗುಗಳಲ್ಲಿ ಹರಡುದಲೆಯನ್ನು ನೆಡುವುದಕ್ಕೂ ಬೇರಿನ ಈ ಗುಣ ಒಂದು ಕಾರಣ. ಬೇರಿನ ಸುತ್ತ ಆಮ್ಲಜನಕ ಸಿಕ್ಕಿದ ಸೂಕ್ಷ್ಮಜೀವಿಗಳು ಕೊಳೆಯನ್ನು ಚುರುಕಾಗಿ ಒಡೆಯುತ್ತವೆ. ಅದೇ ದಾರಿಯಲ್ಲಿ ಕೆಸರಿನ ಮೀಥೇನ್ ಮೇಲಕ್ಕೂ ಬರುತ್ತದೆ. ಅಂದರೆ ಒಂದೊಂದು ದಂಟೂ ಎರಡೂ ಕಡೆ ಗಾಳಿ ಸಾಗುವ ಚಿಮಣಿ.

ತಿರುಳು ಒಂದೇ ಆದರೂ ನೆಲದ ಆಯ್ಕೆಯಲ್ಲಿ ಇಬ್ಬರೂ ಬೇರೆ. ನನಗೆ ಈ ಹೋಲಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಹರಡುದಲೆ ಎಲ್ಲಿಯಾದರೂ ಸರಿ ಎನ್ನುವ ಗಿಡ. ಹಳ್ಳದ ದಂಡೆ, ರಸ್ತೆಬದಿಯ ಚರಂಡಿ, ದನ ತುಳಿದು ಕೆಸರಾದ ಹುಲ್ಲುಗಾವಲು, ಗೊಬ್ಬರ ಬಿದ್ದ ಹೊಲ, ಕಡಿದ ಕಾಡು, ಯಾವುದಾದರೂ ಆದೀತು, ತೇವವಿದ್ದರೆ ಸಾಕು. ಯೂರೋಪಿನಿಂದ ಏಷ್ಯಾ, ಆಫ್ರಿಕ, ಅಮೆರಿಕಗಳವರೆಗೆ ಅದರ ಬಳಗ ಹಬ್ಬಿದೆ. ಉಂಡೆದಲೆಯ ಹರಹು ಮುಖ್ಯವಾಗಿ ಯೂರೋಪು ಮತ್ತು ಅದರ ನೆರೆಯ ಪ್ರದೇಶಗಳು. ಅದಕ್ಕೆ ಹುಳಿ ಮಣ್ಣು ಒಗ್ಗುತ್ತದೆ. ಗೊಬ್ಬರ ಕಾಣದ, ಉಳುಮೆ ಕಾಣದ ಹಳೆಯ ಜೌಗು ಹುಲ್ಲುಗಾವಲುಗಳಲ್ಲಿ ಇತರ ನೂರು ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ನಿಂತಿರುತ್ತದೆ. ಬಯಲನ್ನೆಲ್ಲ ತಾನೇ ಆಕ್ರಮಿಸುವುದು ಹರಡುದಲೆಯ ಸ್ವಭಾವ, ಉಂಡೆದಲೆ ಹಾಗೆ ಮಾಡುವುದು ವಿರಳ.

ಹರಡುದಲೆಯ ಬಲ ಅದರ ಬೀಜದಲ್ಲಿದೆ. ಅರ್ಧ ಮಿಲಿಮೀಟರ್ ಉದ್ದದ ಬೀಜ, ಒಂದು ಗೊಂಚಲಿನಲ್ಲೇ ಸಾವಿರಾರು. ಒದ್ದೆಯಾದೊಡನೆ ಕಾಮಕಸ್ತೂರಿ ಬೀಜದಂತೆ ಲೋಳೆ ಬಿಟ್ಟುಕೊಂಡು ಹಕ್ಕಿಯ ಕಾಲಿಗೋ ದನದ ಗೊರಸಿಗೋ ಅಂಟಿಕೊಳ್ಳುತ್ತದೆ. ಬೆಳಕು ಬೀಳದೆ ಮೊಳೆಯುವುದಿಲ್ಲ. ಮಣ್ಣಿನಡಿ ಹುದುಗಿದರೆ ಹತ್ತಾರು ವರ್ಷ ಸುಮ್ಮನೆ ಕಾಯುತ್ತದೆ. ಕಳೆಯೆಂದು ರೈತ ನೆಲವನ್ನು ಕೆದಕಿದರೆ, ತಾತನ ಕಾಲದ ಬೀಜಗಳು ಬೆಳಕು ಕಂಡು ಒಟ್ಟಿಗೆ ಏಳುತ್ತವೆ. ದನಕುರಿಗಳಿಗೆ ಬಲಿತ ದಂಟು ರುಚಿಸದ ಕಾರಣ ಮೇದಷ್ಟೂ ಹುಲ್ಲು ಸವೆದು ಜೊಂಡೇ ಉಳಿಯುತ್ತದೆ. ವೇಲ್ಸ್, ಐರ್ಲೆಂಡ್, ಉತ್ತರ ಇಂಗ್ಲೆಂಡುಗಳ ಗುಡ್ಡದ ರೈತರಿಗೆ ಇದು ನಿಜವಾದ ತಲೆನೋವು. ಅದೇ ಹಿಂಡುಗಳ ಮರೆಯಲ್ಲಿ ಸ್ನೈಪ್ ಹಕ್ಕಿ ಮೊಟ್ಟೆಯಿಡುತ್ತದೆ, ಕರ್ಲ್ಯೂ ಮರಿ ಅಡಗುತ್ತದೆ. ಪೂರ್ತಿ ಕಿತ್ತರೂ ಕಷ್ಟ, ಪೂರ್ತಿ ಬಿಟ್ಟರೂ ಕಷ್ಟ. ಐರ್ಲೆಂಡಿನಲ್ಲಂತೂ ಜನವರಿ 31ರ ಸಂಜೆ ಇದೇ ಜೊಂಡು ಕೊಯ್ದು ಸಂತ ಬ್ರಿಜಿಡ್ ಹೆಸರಿನ ಶಿಲುಬೆ ಹೆಣೆದು ಬಾಗಿಲಿಗೆ ಕಟ್ಟುವ ಪದ್ಧತಿ ಇನ್ನೂ ಇದೆ.

ಹೀಗಿರುವಾಗ ಒಂದು ಬಯಲನ್ನು ಪರಿಶೀಲಿಸಲು ಹೋದವರು ಉಂಡೆಯಂಥ ತಲೆ ನೋಡಿ ಉಂಡೆದಲೆ ಎಂದು ಬರೆದುಕೊಂಡರೆ ಆಗುವ ತಪ್ಪು ಬರೀ ಹೆಸರಿನದಲ್ಲ. ಗೊಬ್ಬರ ತುಂಬಿ, ತುಳಿತಕ್ಕೆ ಸಿಕ್ಕಿ ಕೆಟ್ಟ ನೆಲವನ್ನು ಹಳೆಯ ಹುಲ್ಲುಗಾವಲೆಂದು ದಾಖಲಿಸಿದಂತಾಗಬಹುದು. ತಿರುವುಮುರುವೂ ಆಗಬಹುದು: ಉಳಿಸಬೇಕಾದ ಬಯಲನ್ನು ಬರೀ ಜೊಂಡು ಹಬ್ಬಿದ ಹಾಳುಭೂಮಿ ಎಂದು ತಳ್ಳಿಹಾಕಬಹುದು. ನನ್ನ ಜೊತೆಗಿದ್ದವರು ಒಂದೊಂದು ಹಿಂಡಿನ ಬಳಿಯೂ ಬಗ್ಗಿ ಬೆರಳು ತಾಗಿಸುತ್ತಿದ್ದುದು ಇದಕ್ಕಾಗಿಯೇ. ಅಂದು ಅವರು ಮೂರು ಗಂಟೆ ಹೊತ್ತು ಬಗ್ಗಿದ ಬೆನ್ನು ಎತ್ತಿದ್ದನ್ನು ನಾನು ಕಂಡದ್ದು ಕಡಿಮೆ.

ಮೂರನೆಯ ನೆಂಟನೊಬ್ಬನಿದ್ದಾನೆ, ಅವನನ್ನು ಗುರುತಿಸುವುದು ಕಷ್ಟವಲ್ಲ. ಲಿನೇಯಸ್ ಅದೇ 1753ರಲ್ಲಿ ಹೆಸರಿಸಿದ ಜಂಕಸ್ ಇನ್‌ಫ್ಲೆಕ್ಸಸ್. ದಂಟು ಬೂದಿ ಬಳಿದ ನೀಲಿಹಸಿರು, ಏಣುಗಳು ಹತ್ತರಿಂದ ಇಪ್ಪತ್ತು, ಕೇಸರ ಆರು. ಸೀಳಿ ನೋಡಿದರೆ ತಿರುಳು ಉದ್ದಕ್ಕೂ ಇಲ್ಲ, ಏಣಿಯ ಮೆಟ್ಟಿಲಿನಂತೆ ತುಂಡುತುಂಡು. ಬತ್ತಿಗೆ ಇದು ಆಗಿಬರುವುದಿಲ್ಲ. ಸುಣ್ಣದ ಅಂಶವಿರುವ ಜೇಡಿನೆಲ ಇದಕ್ಕಿಷ್ಟ. ನಮ್ಮ ಹಿಮಾಲಯದಲ್ಲೂ ಸಿಗುತ್ತದೆ.

ದಕ್ಷಿಣ ಭಾರತದ ಎತ್ತರದ ಬೆಟ್ಟಗಳಿಗೆ ಬಂದರೆ, ತೊರೆಯ ಪಕ್ಕದ ಒದ್ದೆ ಹುಲ್ಲಿನಲ್ಲಿ ಜಂಕಸ್ ಪ್ರಿಸ್ಮಟೊಕಾರ್ಪಸ್ ಇದೆ. ರಾಬರ್ಟ್ ಬ್ರೌನ್ 1810ರಲ್ಲಿ ಆಸ್ಟ್ರೇಲಿಯದ ಸಸ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಮೊದಲು ವಿವರಿಸಿದ ಗಿಡ ಇದು. ಹರಡುದಲೆ, ಉಂಡೆದಲೆಗಳಂತೆ ಬೋಳು ದಂಟಲ್ಲ, ಇದಕ್ಕೆ ಎಲೆಗಳುಂಟು. ಎಲೆಯ ಮೇಲೆ ಬೆರಳು ಎಳೆದರೆ ಒಳಗಿನ ಅಡ್ಡಗೋಡೆಗಳು ಗಂಟುಗಂಟಾಗಿ ತಾಗುತ್ತವೆ. ಕಾಯಿ ಮೂರು ಮುಖದ್ದು, ಹೆಸರು ಬಂದದ್ದು ಅದರಿಂದ. ನೀಲಗಿರಿಯ ಕಡೆಗೋ ಪಳನಿ ಬೆಟ್ಟಗಳಿಗೋ ಹೋದಾಗ ಶೋಲಾ ಕಾಡಿನ ಅಂಚಿನ ಜೌಗಿನಲ್ಲಿ ಇದನ್ನು ಹುಡುಕಿ. ಸಿಕ್ಕರೆ ಕಿತ್ತು ಚೀಲಕ್ಕೆ ಹಾಕಿ ಮನೆಗೆ ಬಂದು ನೋಡುತ್ತೇನೆ ಎನ್ನಬೇಡಿ, ನಿಂತಲ್ಲೇ, ಹಸಿಯಾಗಿರುವಾಗಲೇ ಬೆರಳಲ್ಲಿ ಉರುಳಿಸಿ ನೋಡಿ. ಒಣಗಿದ ಮೇಲೆ ಹರಡುದಲೆಯ ನುಣುಪು ದಂಟಿನ ಮೇಲೂ ಗೀರುಗಳು ಏಳುತ್ತವೆ. ಹಾಳೆಗೆ ಅಂಟಿಸಿದ ಒಣ ಮಾದರಿಯಲ್ಲಿ ಕುತ್ತಿಗೆಯ ಗುರುತನ್ನು ನಂಬುವಂತಿಲ್ಲ.